ಗರಗರ ಅನ್ನುವ ಸ್ಪೀಕರ್

ನಮ್ಮ ಸಂಘದ್ದು ಒಂದು ಹಳೇ ವ್ಯಾನು. ಸಂತೆಗೆ ತರಕಾರಿ ಒಯ್ಯೋದು ಅದರಲ್ಲೇ. ದಾರಿಯಲ್ಲಿ ರೇಡಿಯೋ ಕೇಳ್ತೀವಿ. ಒಂದು ದಿನ ಹಾಡಿನ ಜೊತೆ ಗರಗರ ಸದ್ದು ಶುರುವಾಯಿತು. “ಸೆಟ್ಟೇ ಹೋಗಿದೆ, ಹೊಸದು ಹಾಕಿಸಿ” ಅಂದರು ರಿಪೇರಿಯವರು. ನಿಜವೇ?

ರೇಡಿಯೋದಲ್ಲಿ ಸದ್ದನ್ನು ಎಡಕ್ಕೆ, ಬಲಕ್ಕೆ ಕಳಿಸುವ ಗುಂಡಿ ಇದೆ. ಎಡಕ್ಕೆ ತಿರುಗಿಸಿದೆವು. ಹಾಡು ಚೆನ್ನಾಗಿ ಕೇಳಿತು. ಬಲಕ್ಕೆ ತಿರುಗಿಸಿದೆವು. ಗರಗರ! ಬಲಬಾಗಿಲಿನ ಸ್ಪೀಕರ್ ಬಿಚ್ಚಿಸಿ ನೋಡಿದೆವು.

ಸ್ಪೀಕರಿನ ಹಿಂದೆ ಅಯಸ್ಕಾಂತ ಇದೆ. ನಡುವೆ ತಂತಿಯ ಸುರುಳಿ. ಮುಂದೆ ಕಾಗದದ ಬಟ್ಟಲು. ಕರೆಂಟು ಹರಿದಾಗ ಸುರುಳಿ ಅದುರುತ್ತದೆ. ಜೊತೆಗೆ ಬಟ್ಟಲೂ ಅದುರುತ್ತದೆ. ಅದೇ ನಮಗೆ ಕೇಳುವ ಹಾಡು. ಬಿಸಿಲಿನ ಕಾವು, ಮಳೆಯ ತೇವ ತಗುಲಿ ಕಾಗದ ಹಳತಾಗುತ್ತದೆ. ನಮ್ಮದು ಹರಿದೇ ಹೋಗಿತ್ತು.

ಹಳೇ ಸ್ಪೀಕರನ್ನೇ ಹಿಡಿದು ಅಂಗಡಿಗೆ ಹೋದೆವು. ಅದರ ಬೆನ್ನ ಮೇಲೆ 4 ಎಂಬ ಅಂಕಿ. ಪಕ್ಕದಲ್ಲಿ ಕುದುರೆ ಲಾಳದಂಥ ಗುರುತು. ಅದನ್ನು ಓಮ್ ಅಂತಾರೆ. ಅಂಗಡಿಯವರು 2 ಓಮಿನದು ಕೊಟ್ಟರು. ಓದಿ ನೋಡಿ, ಬೇಡ ಅಂದೆವು. ಓಮ್ ಕಡಿಮೆಯಾದರೆ ಕರೆಂಟು ಹೆಚ್ಚು ಎಳೆಯುತ್ತದೆ. ಸೆಟ್ಟು ಸುಟ್ಟುಹೋಗಬಹುದು.

ಅಗಲ, ಆಳ ಎರಡನ್ನೂ ಅಳೆಯಬೇಕು. ಆಳ ಹೆಚ್ಚಾದರೆ ಕಿಟಕಿಯ ಗಾಜು ಇಳಿಯುವಾಗ ತಾಗುತ್ತದೆ.

ಹೊಸದನ್ನು ಕೂರಿಸುವ ಮೊದಲು ಬ್ಯಾಟರಿ ವೈರು ಬಿಚ್ಚಿಸಿ. ಕೂಡುವ ಗುರುತಿನ ವೈರು ಕೂಡುವ ಗುರುತಿಗೇ ಸೇರಬೇಕು. ಕಳೆಯುವ ಗುರುತಿನದು ಕಳೆಯುವ ಗುರುತಿಗೆ. ಒಂದು ಕಡೆ ಅದಲುಬದಲಾದರೆ ಡೋಲಿನ ಸದ್ದು ಸೊರಗುತ್ತದೆ.

ಈಗ ಹಾಡು ಚೆನ್ನಾಗಿ ಕೇಳುತ್ತಿದೆ. ಸೆಟ್ಟಿನ ದುಡ್ಡೂ ಸಂಘದಲ್ಲೇ ಉಳಿಯಿತು. ನಾವು ಓದಿದ್ದು ಒಂದೇ ಅಂಕಿ. ನಿಮ್ಮ ಮನೆಯ ರೇಡಿಯೋ ಬೆನ್ನ ಮೇಲೆ ಏನು ಬರೆದಿದೆ? ಓದಿ ನೋಡಿ ಅಕ್ಕಾ.