ಇಳಿವಯಸ್ಸಿನ ಜಲಯಾನ: ದಡಕ್ಕೂ ಹಡಗಿಗೂ ನಡುವಣ ಹೆಜ್ಜೆ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮೇಲೆ ಆಯನೂರು ಇದೆ. ಅದು ಒಂದು ಹೋಬಳಿಯ ಕೇಂದ್ರ. ಅಲ್ಲಿ ಬಂದರಿಲ್ಲ, ಹಡಗಿಲ್ಲ. ಸಮುದ್ರವಂತೂ ಘಟ್ಟದ ಕೆಳಗಿನ ಮಾತು. ಹೀಗಿದ್ದರೂ ನೌಕಾಪ್ರಯಾಣಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಅಲ್ಲಿಂದಲೇ ಆರಂಭಿಸುವುದು ಉಚಿತವೆಂದು ನಮಗೆ ತೋರಿದೆ. ಆಯನೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಹಿರಿಯಾಕೆಗೆ ಎಪ್ಪತ್ತೈದು ವರ್ಷ. ಮಂಡಿನೋವು ಬಹುಕಾಲದ್ದು. ಊರುಗೋಲಿನ ನೆರವಿನಿಂದ ಅಂಗಳವನ್ನು ದಾಟಬಲ್ಲರು, ಮೆಟ್ಟಿಲನ್ನು ಹತ್ತಲಾರರು. ದೂರದ ಊರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಕುಟುಂಬಸಮೇತರಾಗಿ ವಿಹಾರನೌಕೆಯೊಂದರಲ್ಲಿ ನಾಲ್ಕು ದಿನ ಹೋಗಿಬರಲು ಯೋಚಿಸುತ್ತಾರೆ. ಮಾತಿನ ನಡುವೆ ಯಾರೋ ಒಬ್ಬರು, “ಅಮ್ಮನಿಗೆ ಆಗುವ ಮಾತಲ್ಲ, ಅವರು ಮನೆಯಲ್ಲೇ ಇರಲಿ” ಎನ್ನುತ್ತಾರೆ. ಅಮ್ಮನೂ ಹೌದೆನ್ನುತ್ತಾರೆ. ಅಲ್ಲಿಗೆ ವಿಚಾರ ಮುಗಿಯುತ್ತದೆ.

ಈ ತೀರ್ಮಾನವು ಅನೇಕ ಮನೆಗಳಲ್ಲಿ ಪ್ರೀತಿಯಿಂದಲೇ ಆಗುವ ತೀರ್ಮಾನ. ಆದರೆ ಅದು ವಿಚಾರಮಾಡಿ ಆದದ್ದೆ, ಅಥವಾ ವಿಚಾರವನ್ನು ತಪ್ಪಿಸಿಕೊಂಡು ಆದದ್ದೆ ಎಂಬುದನ್ನು ನೋಡಬೇಕಾಗಿದೆ. ನಡೆಯುವ ಶಕ್ತಿ ಕುಂದಿದವರಿಗೆ ಜಲಯಾನದಲ್ಲಿ ಅಡ್ಡಿಯಾಗುವುದು ನಿಜವಾಗಿ ಯಾವುದು, ಆ ಅಡ್ಡಿಯನ್ನು ಎಷ್ಟರಮಟ್ಟಿಗೆ ನಿವಾರಿಸಬಹುದು, ಎಲ್ಲಿ ಅದು ನಿವಾರಿಸಲಾಗದ್ದು ಎಂಬ ಮೂರು ಅಂಶಗಳನ್ನು ಈ ಲೇಖನದಲ್ಲಿ ನಾವು ಪರಿಶೀಲಿಸುತ್ತೇವೆ.

೧. ಹಿನ್ನೀರಿನ ಪಾಠ

ಮೊದಲು ಹತ್ತಿರದ ಉದಾಹರಣೆಯೊಂದನ್ನು ತೆಗೆದುಕೊಳ್ಳುವುದು ಒಳ್ಳೆಯದು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಕಣಿವೆ ಜಲಾಶಯವಾದ ಮೇಲೆ ಸಾಗರ ತಾಲ್ಲೂಕಿನ ತುಮರಿ ಮೊದಲಾದ ಊರುಗಳು ಹಿನ್ನೀರಿನ ಆಚೆ ದಡದಲ್ಲಿ ಉಳಿದವು. ಆ ಜನರಿಗೂ ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೋಗುವ ಯಾತ್ರಿಕರಿಗೂ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸಂಚರಿಸುತ್ತಿದ್ದ ಲಾಂಚೇ ದಾರಿಯಾಗಿತ್ತು. ಆಯನೂರಿನವರು ಕುಂಸಿ, ಆನಂದಪುರ, ಸಾಗರಗಳನ್ನು ಹಾದು ಹೊಳೆಬಾಗಿಲಿಗೆ ಬಂದು ಈ ಲಾಂಚನ್ನು ಹತ್ತುತ್ತಿದ್ದರು. ಮಲೆನಾಡಿನ ಎಷ್ಟೋ ಮಂದಿ ಹಿರಿಯರು ತಮ್ಮ ಜೀವಮಾನದಲ್ಲಿ ಕಂಡ ಜಲಯಾನವೆಂದರೆ ಇದೊಂದೇ.

ಈ ಲಾಂಚಿನ ರಚನೆಯನ್ನು ಗಮನಿಸಬೇಕು. ಅದರ ತಳ ಚಪ್ಪಟೆ, ಮೇಲ್ಭಾಗ ಸಮತಟ್ಟು. ಅಂಚಿನಲ್ಲಿದ್ದ ಕಬ್ಬಿಣದ ಹಲಗೆಯನ್ನು ದಡದ ಮೇಲೆ ಇಳಿಸಿದರೆ ಕಾರು, ಜೀಪುಗಳು ನೇರವಾಗಿ ಒಳಗೆ ಬರುತ್ತಿದ್ದವು. ಆದುದರಿಂದ ವಾಹನದಲ್ಲಿ ಕುಳಿತು ಬಂದ ವೃದ್ಧರು ಕುಳಿತಲ್ಲಿಂದ ಏಳದೆಯೇ ನೀರನ್ನು ದಾಟಬಹುದಾಗಿತ್ತು. ನಡೆದು ಹತ್ತಬೇಕಾದವರ ಸ್ಥಿತಿ ಬೇರೆ. ಜಲಾಶಯದ ಪೂರ್ಣ ಮಟ್ಟ ೧,೮೧೯ ಅಡಿ. ಮಳೆಗಾಲದ ಕೊನೆಯಲ್ಲಿ ನೀರು ರಸ್ತೆಯ ಸಮೀಪಕ್ಕೆ ಬರುತ್ತದೆ. ಬೇಸಗೆಯಲ್ಲಿ ಮಟ್ಟ ಇಳಿದಂತೆಲ್ಲ ನೀರಿನ ಅಂಚು ಕೆಳಕ್ಕೆ, ದೂರಕ್ಕೆ ಸರಿಯುತ್ತದೆ. ಆಗ ಇಳಿಜಾರಾದ ಮಣ್ಣುದಡದಲ್ಲಿ ಕೋಲೂರಿ ಇಳಿಯಬೇಕು. ಮತ್ತೆ ಅಷ್ಟನ್ನೂ ಹತ್ತಬೇಕು. ನೀರು ತೀರ ಕಡಮೆಯಾದ ವರ್ಷಗಳಲ್ಲಿ ವಾಹನಗಳ ಸಾಗಣೆಯನ್ನೇ ನಿಲ್ಲಿಸಬೇಕಾಗುತ್ತಿತ್ತು. ಲಾಂಚು ಅದೇ, ಹಿನ್ನೀರು ಅದೇ, ಪ್ರಯಾಣಿಕರೂ ಅವರೇ. ಆದರೆ ಅಕ್ಟೋಬರಿನಲ್ಲಿ ಸುಲಭವಾಗಿದ್ದ ಯಾತ್ರೆ ಮೇ ತಿಂಗಳಲ್ಲಿ ಅಸಾಧ್ಯವಾಗುತ್ತಿತ್ತು.

೨೦೨೫ರ ಜುಲೈ ೧೪ರಂದು ಇಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆ ಉದ್ಘಾಟನೆಯಾಯಿತು. ಈಗ ಸಿಗಂದೂರಿಗೆ ಹೋಗುವ ಹಿರಿಯರು ಲಾಂಚಿಗಾಗಿ ಕಾಯಬೇಕಾಗಿಲ್ಲ. ಆದರೆ ಆ ಲಾಂಚು ಕಲಿಸಿದ ಪಾಠ ಉಳಿದಿದೆ. ವೃದ್ಧರ ಜಲಯಾನದ ಮುಖ್ಯ ಕಷ್ಟವಿರುವುದು ನೆಲವೂ ನೀರೂ ಸೇರುವ ಅಂಚಿನಲ್ಲಿ. ನೀರಿನ ಮೇಲೆ ಕುಳಿತಿರುವುದು ಬಹುಮಟ್ಟಿಗೆ ಸುಲಭ. ಹತ್ತುವ, ಇಳಿಯುವ ಆ ನಾಲ್ಕು ಹೆಜ್ಜೆಗಳೇ ಪ್ರಯಾಣದ ಸಾಧ್ಯಾಸಾಧ್ಯತೆಯನ್ನು ನಿರ್ಧರಿಸುತ್ತವೆ.

೨. ಬಂದರುಗಳಲ್ಲಿ ಎರಡು ಬಗೆ

ಈ ಸೂತ್ರವನ್ನು ಕೈಯಲ್ಲಿ ಹಿಡಿದು ಸಮುದ್ರದ ಕಡೆಗೆ ನಡೆದರೆ ವಿಹಾರನೌಕೆಗಳ ವಿಷಯವೂ ಬಹಳಷ್ಟು ತಿಳಿಯಾಗುತ್ತದೆ. ಹಡಗು ಬಂದರನ್ನು ಮುಟ್ಟುವುದರಲ್ಲಿ ಎರಡು ಬಗೆಗಳುಂಟು. ಒಂದು, ಹಡಗು ದಕ್ಕೆಗೆ ತಾಗಿ ನಿಲ್ಲುವುದು. ಇನ್ನೊಂದು, ಆಳವಾದ ನೀರಿನಲ್ಲಿ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಸಾಗಿಸುವುದು.

ಮೊದಲ ಬಗೆಗೆ ನಮ್ಮ ನಾಡಿನ ಉದಾಹರಣೆ ಪಣಂಬೂರಿನ ನವಮಂಗಳೂರು ಬಂದರು. ೧೯೭೫ರ ಜನವರಿಯಲ್ಲಿ ಉದ್ಘಾಟನೆಗೊಂಡ ಇದು ನೆಲವನ್ನು ಅಗೆದು ನಿರ್ಮಿಸಿದ ಒಳಬಂದರು. ವಿದೇಶದ ವಿಹಾರನೌಕೆಗಳೂ ಇಲ್ಲಿಗೆ ಬಂದು ದಕ್ಕೆಗೆ ತಾಗಿ ನಿಲ್ಲುತ್ತವೆ. ಇಂತಹ ಕಡೆಯಲ್ಲಿ ಪ್ರಯಾಣಿಕರು ಹಡಗಿನಿಂದ ದಕ್ಕೆಗೆ ಚಾಚಿದ ಏಣಿಹಲಗೆಯ ಮೇಲೆ ನಡೆದು ಇಳಿಯುತ್ತಾರೆ. ಗಾಲಿಕುರ್ಚಿಯವರನ್ನೂ ಅದರ ಮೇಲೆ ತಳ್ಳಿಕೊಂಡು ಹೋಗಬಹುದು. ಇಳಿಜಾರು ಕಡಿದಾಗಿರಬಾರದು, ಅಷ್ಟೆ. ನಮ್ಮ ದೇಶದ ನಿರ್ಮಾಣಸೂತ್ರಗಳ ಪ್ರಕಾರ ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣವನ್ನು ಮೀರಬಾರದು; ಎಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಹಾದಿ ಬೇಕು. ಹಡಗಿನ ಬಾಗಿಲು ದಕ್ಕೆಗಿಂತ ಐದು ಅಡಿ ಎತ್ತರದಲ್ಲಿದ್ದರೆ ಈ ಲೆಕ್ಕದಲ್ಲಿ ಅರವತ್ತು ಅಡಿ ಉದ್ದದ ಹಲಗೆ ಬೇಕಾಗುತ್ತದೆ. ಅಷ್ಟು ಉದ್ದದ ಹಲಗೆ ಎಲ್ಲೆಡೆಯೂ ದೊರೆಯದು. ಅಲ್ಲದೆ ಭರತ ಇಳಿತಗಳಿಗೆ ತಕ್ಕಂತೆ ಈ ಎತ್ತರ ದಿನದಲ್ಲಿ ಹಲವು ಬಾರಿ ಬದಲಾಗುತ್ತದೆ. ಆದುದರಿಂದ ಒಂದೇ ಹಡಗಿನಿಂದ ಬೆಳಗ್ಗೆ ಸುಲಭವಾಗಿ ಇಳಿದವರು ಸಂಜೆ ಹತ್ತುವಾಗ ಕಷ್ಟಪಡುವುದುಂಟು.

ಎರಡನೆಯ ಬಗೆಗೆ ಲಕ್ಷದ್ವೀಪವೇ ಉದಾಹರಣೆ. ಈ ದ್ವೀಪಸಮೂಹದ ಅಮಿನಿದೀವಿ ಗುಂಪು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಕೊಚ್ಚಿಯಿಂದ ಅಲ್ಲಿಗೆ ಪ್ರಯಾಣಿಕರ ಹಡಗುಗಳಿವೆ; ೨೦೨೧ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ವಿಹಾರನೌಕೆ ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ಸಂಚಾರವನ್ನು ಆರಂಭಿಸಿತು. ದ್ವೀಪಗಳ ಸುತ್ತ ಹವಳದ ದಿಬ್ಬವಿರುವುದರಿಂದ ದೊಡ್ಡ ಹಡಗುಗಳು ಹೊರಗಡೆಯೇ ನಿಲ್ಲಬೇಕಾಗುವುದು ಸಾಮಾನ್ಯ. ಅಲ್ಲಿ ಹಡಗಿನ ಪಕ್ಕದ ಬಾಗಿಲಿನಿಂದ ದೋಣಿಗೆ ಕಾಲಿಡಬೇಕು. ದೋಣಿ ಅಲೆಯೊಡನೆ ಏರುತ್ತದೆ, ಇಳಿಯುತ್ತದೆ. ಅದು ಸಮಕ್ಕೆ ಬಂದ ಕ್ಷಣದಲ್ಲಿ ದೋಣಿಯವರ ಕೈಹಿಡಿದು ಹೆಜ್ಜೆಹಾಕಬೇಕು. ಮಂಡಿ ಮಡಿಸಲಾರದವರಿಗೆ ಆ ಒಂದು ಕ್ಷಣ ಬಹಳ ಅಪಾಯದ್ದು. ಎಷ್ಟೋ ಸಂಸ್ಥೆಗಳು ಗಾಲಿಕುರ್ಚಿಯವರನ್ನು ದೋಣಿಗೆ ಇಳಿಸಲು ಒಪ್ಪುವುದಿಲ್ಲ. ಇದನ್ನು ಕೇವಲ ನಿರ್ದಯತೆಯೆಂದು ಹೇಳುವುದು ಸರಿಯಾಗದು.

ಹೀಗಿರುವುದರಿಂದ ಪ್ರಯಾಣವನ್ನು ಗೊತ್ತುಮಾಡುವ ಮೊದಲು ಕೇಳಬೇಕಾದ ಪ್ರಥಮ ಪ್ರಶ್ನೆ, “ಹಡಗಿನಲ್ಲಿ ಗಾಲಿಕುರ್ಚಿಯಿದೆಯೆ?” ಎಂಬುದಲ್ಲ, “ಯಾವ ಯಾವ ಊರಿನಲ್ಲಿ ಹಡಗು ದಕ್ಕೆಗೆ ತಾಗುತ್ತದೆ, ಯಾವ ಊರಿನಲ್ಲಿ ದೋಣಿಗೆ ಇಳಿಯಬೇಕು?” ಎಂಬುದು. ದೋಣಿಯ ಊರುಗಳಲ್ಲಿ ತಾವು ಹಡಗಿನಲ್ಲೇ ಉಳಿಯುವುದೆಂದು ಹಿರಿಯರು ಮೊದಲೇ ತಿಳಿದು ಒಪ್ಪಿದ್ದರೆ ಅದು ನಿರಾಸೆಯಾಗುವುದಿಲ್ಲ.

೩. ಹಡಗಿನ ಒಳಗೆ

ಹಡಗಿನ ಒಳಗಿನ ತೊಡಕುಗಳು ಎರಡು: ಓಲಾಟ ಮತ್ತು ಹೊಸ್ತಿಲು. ಏತದ ಮರವನ್ನು ನೋಡಿದವರಿಗೆ ಓಲಾಟದ ತತ್ತ್ವ ಸುಲಭವಾಗಿ ತಿಳಿದೀತು. ಮರದ ಎರಡು ತುದಿಗಳು ಎಷ್ಟು ಮೇಲೆ ಕೆಳಗೆ ಆಡಿದರೂ ನಡುವಿನ ಭಾಗ ಹೆಚ್ಚು ಕದಲದು. ಹಡಗೂ ಹಾಗೆಯೇ. ಅಲೆಗೆ ಎದುರಾಗಿ ಹೋಗುವಾಗ ಮೂತಿ ಮತ್ತು ಹಿಂಬದಿ ಬಹಳವಾಗಿ ಏರಿಳಿಯುತ್ತವೆ. ಮಗ್ಗುಲಿಗೆ ಓಲುವಾಗ ಮೇಲಿನ ಅಂತಸ್ತುಗಳು ಹೆಚ್ಚು ತೂಗುತ್ತವೆ. ಆದುದರಿಂದ ಕೆಳ ಅಂತಸ್ತಿನಲ್ಲಿ ಹಡಗಿನ ನಟ್ಟನಡುವೆ ಇರುವ ಕೋಣೆ ಅತ್ಯಂತ ಸ್ಥಿರವಾದುದು. ಹೆಚ್ಚು ಬೆಲೆಯ ಮೇಲಂತಸ್ತಿನ ಕೋಣೆ ಹಿರಿಯರಿಗೆ ಹೆಚ್ಚು ಹಿತವಾದುದೆಂಬ ಭಾವನೆ ತಪ್ಪು. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಗಾರಿನಲ್ಲಿ ಅರಬ್ಬೀ ಸಮುದ್ರ ಒರಟಾಗಿರುವುದರಿಂದ ಆ ತಿಂಗಳುಗಳನ್ನು ಬಿಡುವುದು ಲೇಸು.

ಹೊಸ್ತಿಲಿನ ವಿಷಯವೂ ಸಣ್ಣದಲ್ಲ. ನೀರು ಒಳಗೆ ನುಗ್ಗದಿರಲೆಂದು ಹಡಗಿನ ಬಾಗಿಲುಗಳಿಗೆ ಎತ್ತರದ ಹೊಸ್ತಿಲನ್ನು ಇಡುವುದು ಹಳೆಯ ಪದ್ಧತಿ. ಕೋಣೆಯ ಸ್ನಾನಗೃಹಕ್ಕೂ ಇಂತಹ ತಡೆಯಿರುವುದುಂಟು. ರಾತ್ರಿ ಎದ್ದು ಹೋಗುವ ವೃದ್ಧರು ಎಡವುವುದು ಇಲ್ಲಿಯೇ. ಗಾಲಿಕುರ್ಚಿಯವರಿಗೆ ತಕ್ಕ ಕೋಣೆಗಳಲ್ಲಿ ಹೊಸ್ತಿಲು ಇರುವುದಿಲ್ಲ, ಬಾಗಿಲು ಅಗಲ, ಗೋಡೆಗೆ ಹಿಡಿಕೆಗಳಿರುತ್ತವೆ. ಆದರೆ ಒಂದು ಹಡಗಿನಲ್ಲಿ ಅಂತಹವು ಕೆಲವೇ. ಬಹಳ ಮುಂಚಿತವಾಗಿ ಕಾಯ್ದಿರಿಸಬೇಕು. ಕಾಯ್ದಿರಿಸುವಾಗ ‘ಸೌಲಭ್ಯವಿದೆ’ ಎಂಬ ಉತ್ತರದಿಂದ ತೃಪ್ತರಾಗದೆ ಬಾಗಿಲಿನ ಅಗಲವನ್ನೂ ಹೊಸ್ತಿಲಿನ ಎತ್ತರವನ್ನೂ ಅಳತೆಯಲ್ಲಿ ಕೇಳಿ, ಮನೆಯ ಕುರ್ಚಿಯನ್ನು ಅಳೆದು ನೋಡಬೇಕು.

೪. ಮರೆಮಾಚಬಾರದ ಮಾತು

ಇಲ್ಲಿಯವರೆಗೆ ಹೇಳಿದ್ದು ಅನುಕೂಲದ ಮಾತು. ಇನ್ನು ಪ್ರಾಣದ ಮಾತು. ೨೦೧೨ರ ಜನವರಿ ೧೩ರ ರಾತ್ರಿ ‘ಕೋಸ್ಟಾ ಕಾಂಕೋರ್ಡಿಯಾ’ ಎಂಬ ವಿಹಾರನೌಕೆ ಇಟಲಿಯ ಜಿಲ್ಯೋ ದ್ವೀಪದ ಬಳಿ ಬಂಡೆಗೆ ತಗುಲಿ ಮಗುಚಿ ೩೨ ಮಂದಿ ಮೃತರಾದರು. ಆ ಸಂಜೆ ಹಡಗನ್ನು ಹತ್ತಿದ್ದ ಪ್ರಯಾಣಿಕರಿಗೆ ಆಪತ್ಕಾಲದ ಕವಾಯತು ಇನ್ನೂ ನಡೆದೇ ಇರಲಿಲ್ಲ. ಆಗಿನ ನಿಯಮದಂತೆ ಅದಕ್ಕೆ ೨೪ ಗಂಟೆಗಳ ಅವಕಾಶವಿತ್ತು. ಸಮುದ್ರದಲ್ಲಿ ಜೀವರಕ್ಷಣೆಯನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವನ್ನು ಅನಂತರ ತಿದ್ದಲಾಯಿತು. ೨೦೧೫ರ ಜನವರಿ ೧ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೆ ಈ ಕವಾಯತು ಆಗಲೇಬೇಕು.

ಅದೇ ಒಪ್ಪಂದದಲ್ಲಿ ಇನ್ನೊಂದು ವಿಧಿಯಿದೆ. ಆಪತ್ತಿನಲ್ಲಿ ತಮಗೆ ವಿಶೇಷ ನೆರವು ಬೇಕೆಂದು ತಿಳಿಸಿದ ಪ್ರಯಾಣಿಕರ ವಿವರವನ್ನು ದಾಖಲಿಸಿ, ಹಡಗು ಹೊರಡುವ ಮೊದಲೇ ನೌಕಾಧಿಪತಿಗೆ ಒಪ್ಪಿಸತಕ್ಕದ್ದು. ‘ತಿಳಿಸಿದ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ತಿಳಿಸದವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ಹಿರಿಯರಲ್ಲಿ ತಮ್ಮ ಅಶಕ್ತಿಯನ್ನು ಹೇಳಿಕೊಳ್ಳಲು ಸಂಕೋಚಪಡುವವರೇ ಹೆಚ್ಚು. ಎಲ್ಲಿ ಪ್ರಯಾಣ ತಪ್ಪಿಹೋದೀತೋ ಎಂಬ ಭಯದಿಂದ ಮಕ್ಕಳೂ ಎಷ್ಟೋ ವೇಳೆ ಅದನ್ನು ಮುಚ್ಚಿಡುತ್ತಾರೆ. ಆಪತ್ಕಾಲದಲ್ಲಿ ಲಿಫ್ಟುಗಳನ್ನು ಬಳಸುವಂತಿಲ್ಲ, ಮೆಟ್ಟಿಲೊಂದೇ ದಾರಿ. ಮೆಟ್ಟಿಲನ್ನು ಹತ್ತಲಾರದವರು ಎಲ್ಲಿದ್ದಾರೆಂಬುದು ಆಗ ನಾವಿಕರಿಗೆ ಗೊತ್ತಿರಬೇಕಾದರೆ ಹೊರಡುವಾಗಲೇ ಹೇಳಿರಬೇಕು. ಈ ಒಂದು ವಿಷಯದಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

೫. ಕಾನೂನು ಎಲ್ಲಿಯವರೆಗೆ?

ಹೊರದೇಶಗಳಲ್ಲಿ ಈ ಪ್ರಶ್ನೆ ನ್ಯಾಯಾಲಯಗಳವರೆಗೆ ಹೋಗಿದೆ. ವಿದೇಶದ ಧ್ವಜವನ್ನು ಹಾರಿಸುವ ವಿಹಾರನೌಕೆಗಳಿಗೂ ತಮ್ಮ ಜಲಪ್ರದೇಶದಲ್ಲಿ ಅಂಗವಿಕಲರ ಕಾಯಿದೆ ಅನ್ವಯಿಸುತ್ತದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೨೦೦೫ರಲ್ಲಿ ತೀರ್ಪಿತ್ತಿತು. ಯೂರೋಪಿನ ಒಕ್ಕೂಟದಲ್ಲಿ ೨೦೧೨ರ ಡಿಸೆಂಬರಿನಿಂದ ಜಾರಿಗೆ ಬಂದ ನಿಯಮದಂತೆ, ೪೮ ಗಂಟೆ ಮುಂಚೆ ತಿಳಿಸಿದ ಪ್ರಯಾಣಿಕರಿಗೆ ಬಂದರಿನಲ್ಲಿಯೂ ಹಡಗಿನಲ್ಲಿಯೂ ಉಚಿತವಾಗಿ ನೆರವು ನೀಡಬೇಕು.

ನಮ್ಮಲ್ಲಿ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವಿದೆ. ಅದರ ೪೧ನೆಯ ಪ್ರಕರಣವು ಬಸ್‌ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳನ್ನು ಹೆಸರಿಸಿ ಅಲ್ಲಿ ಸೌಲಭ್ಯ ಇರಬೇಕೆಂದು ವಿಧಿಸುತ್ತದೆ. ಬಂದರಾಗಲಿ ದೋಣಿಗಟ್ಟೆಯಾಗಲಿ ಆ ಸಾಲಿನಲ್ಲಿ ಹೆಸರು ಪಡೆದಿಲ್ಲ. ಮುಂದಿನ ವಾಕ್ಯದ ‘ಎಲ್ಲ ಬಗೆಯ ಸಾರಿಗೆ’ ಎಂಬ ಮಾತಿನಲ್ಲಿ ಅವನ್ನು ಸೇರಿಸಿಕೊಂಡು ಓದಬೇಕಾಗಿದೆ. ಇನ್ನೊಂದು ತೊಡಕೂ ಉಂಟು. ಮೀಸಲಾತಿಯೇ ಮೊದಲಾದ ವಿಶೇಷ ಸೌಲಭ್ಯಗಳಿಗೆ ಈ ಅಧಿನಿಯಮ ಇಟ್ಟ ಅಳತೆ ಶೇಕಡ ೪೦ರ ವಿಕಲತೆ. ೨೦೦೭ರ ಹಿರಿಯ ನಾಗರಿಕರ ಅಧಿನಿಯಮ ನೋಡುವುದು ೬೦ ವರ್ಷದ ವಯಸ್ಸನ್ನು. ಪ್ರಮಾಣಪತ್ರವಿಲ್ಲದ, ಕೇವಲ ಮಂಡಿ ಸವೆದ ಆಯನೂರಿನ ಹಿರಿಯಾಕೆ ಇವೆರಡರ ನಡುವೆ ನಿಲ್ಲುತ್ತಾರೆ. ಆದರೆ ಇಳಿಜಾರು ಹಾದಿಯೊಂದನ್ನು ಕಟ್ಟಿದರೆ ಅದು ಯಾರ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಹೊಳೆಬಾಗಿಲಿನಂತಹ ದೋಣಿಗಟ್ಟೆಗಳನ್ನು ಇನ್ನು ಮುಂದೆ ಎಲ್ಲಿ ನಿರ್ಮಿಸಿದರೂ ನೀರಿನ ಕನಿಷ್ಠ ಮಟ್ಟವನ್ನು ಗಣನೆಗೆ ತಂದುಕೊಂಡು ಇಳಿಜಾರನ್ನು ರೂಪಿಸುವುದು ಎಲ್ಲರಿಗೂ ಹಿತ.

೬. ಮತ್ತೆ ಆಯನೂರಿನ ಮನೆಗೆ

ಈಗ ನಾವು ಮೊದಲಿನ ಮನೆಗೆ ಹಿಂದಿರುಗಬಹುದು. “ಅಮ್ಮನಿಗೆ ಆಗುವ ಮಾತಲ್ಲ” ಎಂಬುದು ನಿಜವಾಗಿರಲೂಬಹುದು. ಹೃದ್ರೋಗ ಉಲ್ಬಣಿಸಿದ್ದರೆ, ದಿನಕ್ಕೆ ಹಲವು ಬಾರಿ ವೈದ್ಯರ ಆರೈಕೆ ಬೇಕಿದ್ದರೆ, ಹಡಗಿನ ಚಿಕ್ಕ ಚಿಕಿತ್ಸಾಲಯ ಅದಕ್ಕೆ ಸಾಲದು. ಸಮುದ್ರಮಧ್ಯದಿಂದ ಆಸ್ಪತ್ರೆಗೆ ಸಾಗಿಸುವುದು ದೀರ್ಘಕಾಲದ ಹಾಗೂ ಬಹುವೆಚ್ಚದ ಕೆಲಸ. ಆಗ ಬೇಡವೆನ್ನುವುದೇ ವಿವೇಕ. ಆದರೆ ಅಡ್ಡಿಯಾಗಿರುವುದು ಮಂಡಿಯೊಂದೇ ಆಗಿದ್ದರೆ, ದಕ್ಕೆಗೆ ತಾಗುವ ಬಂದರುಗಳ ದಾರಿ, ನಡುಭಾಗದ ಕೋಣೆ, ಹೊಸ್ತಿಲಿಲ್ಲದ ಬಾಗಿಲು, ಮೊದಲೇ ತಿಳಿಸಿದ ನೆರವು, ಕೈಚೀಲದಲ್ಲಿ ಕೆಲವು ದಿನಗಳಿಗೆ ಹೆಚ್ಚಾಗುವಷ್ಟು ಔಷಧ, ಇಷ್ಟು ಒದಗಿದಲ್ಲಿ ಪ್ರಯಾಣ ಸಾಧ್ಯವಾಗುತ್ತದೆ. ವಾಸ್ತವವಾಗಿ ದಿನಕ್ಕೊಂದು ಊರಿನಲ್ಲಿ ಗಂಟುಮೂಟೆ ಬಿಚ್ಚಿ ಕಟ್ಟಬೇಕಾದ ಬಸ್‌ ಪ್ರವಾಸಕ್ಕಿಂತ, ಕೋಣೆಯೇ ಊರಿಂದೂರಿಗೆ ಸಾಗುವ ಹಡಗು ಇಂತಹವರಿಗೆ ಮೇಲು. ಆಯನೂರಿನಿಂದ ಬಂದರಿನವರೆಗಿನ ಘಟ್ಟದ ದಾರಿಯೇ ಅವರಿಗೆ ಹಡಗಿಗಿಂತ ಹೆಚ್ಚು ದಣಿವನ್ನು ತಂದರೆ ಆಶ್ಚರ್ಯವಿಲ್ಲ. ಅದಕ್ಕಾಗಿ ಒಂದು ದಿನ ಮುಂಚೆ ಹೊರಟು ವಿಶ್ರಮಿಸುವುದು ಉತ್ತಮ.

ಕೊನೆಯದಾಗಿ ಒಂದು ಮಾತು. ಈ ಎಲ್ಲ ಲೆಕ್ಕಾಚಾರವನ್ನು ಹಿರಿಯರ ಎದುರಿನಲ್ಲೇ ಮಾಡಬೇಕು. ಅಳತೆಗಳನ್ನು ಅವರಿಗೆ ತಿಳಿಸಿ, ಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಬೇಕು. ಲಾಂಚಿನ ದಿನಗಳಲ್ಲಿ ಕೋಲೂರಿಕೊಂಡು ಇಳಿಜಾರನ್ನು ಇಳಿದು ಸಿಗಂದೂರಿಗೆ ಹೋಗಿಬಂದವರಿಗೆ ನೀರಿನ ಅಂಚಿನಲ್ಲಿ ತಮ್ಮ ಕಾಲು ಎಷ್ಟು ತಾಳೀತೆಂಬುದು ಮಕ್ಕಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ.