ಅಂಗಡಿಗೆ ರಜೆ ಹಾಕಿ ರೈಲಲ್ಲಿ ಮೈಸೂರಿಗೆ ಹೊರಟ್ರಾ? ಮೊದಲು ವಾರ ನೋಡಿ

ಅರಸೀಕೆರೆ: ವಾರವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರುವವರಿಗೆ ಸಿಗೋದು ಒಂದೇ ದಿನ ಬಿಡುವು. ಆ ದಿನ ಮನೆಯವರ ಜೊತೆ ಮೈಸೂರು ಸುತ್ತಿ ಬರೋದಾದ್ರೆ ಇಷ್ಟು ಗಮನದಲ್ಲಿರಲಿ.

ಮಂಗಳವಾರ ಮೃಗಾಲಯಕ್ಕೆ ವಾರದ ರಜೆ. ಮಕ್ಕಳಿದ್ದರೆ ಆ ದಿನ ಬೇಡ. ಭಾನುವಾರವಾದರೆ ಸಂಜೆ 7ಕ್ಕೆ ಅರಮನೆಯ ದೀಪಾಲಂಕಾರವೂ ಸಿಗುತ್ತೆ, ಜನ ಮಾತ್ರ ಜಾಸ್ತಿ. ಅರಮನೆ ಒಳಗೆ ನೋಡಲು ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ಅವಕಾಶ. ಬೆಳಿಗ್ಗೆ ಆಟೋದಲ್ಲಿ ಮೃಗಾಲಯ, ಮಧ್ಯಾಹ್ನ ಅರಮನೆ, ಆಮೇಲೆ ನಡೆದೇ ದೇವರಾಜ ಮಾರ್ಕೆಟ್ ಅಂತ ಇಟ್ಟುಕೊಂಡ್ರೆ ಓಡಾಟ ಕಡಿಮೆ.

ಟಿಕೆಟ್ ವಿಷಯದಲ್ಲಿ ಹುಷಾರು. 200 ಕಿ.ಮೀ. ಒಳಗಿನ ಜನರಲ್ ಟಿಕೆಟ್ ಕೊಂಡ 3 ಗಂಟೆಯೊಳಗೆ, ಇಲ್ಲವೇ ನಂತರದ ಮೊದಲ ರೈಲಿಗೆ ಹತ್ತಬೇಕು. ಅರಸೀಕೆರೆ–ಮೈಸೂರು ಈ ಲೆಕ್ಕಕ್ಕೇ ಬರುತ್ತೆ. ಬೆಳಿಗ್ಗೆಯೇ ಸಂಜೆಯ ಟಿಕೆಟ್ ತಗೊಂಡು ಜೇಬಲ್ಲಿಟ್ಟುಕೊಂಡರೆ ನಡೆಯಲ್ಲ. ಟಿಕೆಟ್ ಇಲ್ಲದ ಪ್ರಯಾಣ ಅಂತಾದ್ರೆ ದರದ ಜೊತೆ ಕನಿಷ್ಠ 250 ರೂ. ದಂಡ, ಅದೂ ತಲೆಗೆ.

ದೀಪ ನೋಡೋ ಆಸೆ ಇದ್ದವರು 8ರ ನಂತರ ವಾಪಸ್ ರೈಲು ಇದೆಯಾ ಅಂತ ಇಲ್ಲಿಂದ ಹೊರಡುವಾಗಲೇ ಸ್ಟೇಷನ್‌ನಲ್ಲಿ ವಿಚಾರಿಸಿಕೊಳ್ಳಿ.