ಮರಸಿಗೆ ಕೂರಲು ಯಾವ ಮರ?

ಮರಸಿಗೆಂದು, ಅಂದರೆ ಅಡಗಿ ಕೂತು ಪ್ರಾಣಿಗಳನ್ನು ಕಾಯಲೆಂದು, ಮರದ ಮೇಲೆ ಮಚಾನು ಕಟ್ಟಲು ಹೊರಟವರು ಮೊದಲು ಒಳ್ಳೆಯ ಮರ ಹುಡುಕುತ್ತಾರೆ. ಆದರೆ ಗಾಳಿ ಮೊದಲು, ಆಮೇಲೆ ಚಂದ್ರ, ಆಮೇಲೆ ಪ್ರಾಣಿಗಳ ಕಾಲುದಾರಿ, ಕೊನೆಗೆ ಮರ ಎಂಬುದು ನನ್ನ ಲೆಕ್ಕ.

ನಮ್ಮ ಶಿರಸಿ ಸೀಮೆಯ ಹಿರಿಯರು ಮರಸಿಗೆ ಕೂರುತ್ತಿದ್ದುದು ಕೋವಿ ಹಿಡಿದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಶಿಕಾರಿಯನ್ನು ನಿಲ್ಲಿಸಿತು, ಒಳ್ಳೆಯದೇ ಆಯಿತು. ಆದರೆ ಅವರ ಕೂರುವ ವಿದ್ಯೆ ಕೋವಿಯ ಜೊತೆ ಹೋಗಬಾರದು. ಮಹಾರಾಷ್ಟ್ರದ ಕಾಡುಗಳಲ್ಲಿ ಬುದ್ಧ ಪೂರ್ಣಿಮೆಯ ರಾತ್ರಿ ನೀರಿನ ಹೊಂಡಗಳ ಬಳಿ ಮಚಾನು ಹತ್ತಿ, ಬಂದ ಪ್ರಾಣಿಗಳನ್ನು ಎಣಿಸುವ ರೂಢಿಯಿದೆ. ಮುಂಬಯಿ, ಠಾಣೆಗಳಲ್ಲಿ ಸುಮಾರು 104 ಚದರ ಕಿಲೋಮೀಟರ್ ಹರಡಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲೂ ಇಂಥ ಎಣಿಕೆ ನಡೆದಿದೆ. ಅದರ ಅಂಚಿನ ಮುಲುಂಡಿನಲ್ಲಿರುವ ನನಗೆ ಆ ಕಾಡಿನ ಯೇವೂರಿನ ಬೆಟ್ಟ ಮನೆಯ ಹಿತ್ತಲಿದ್ದಂತೆ. ಹಾಗಾಗಿ ಈ ಕಾಡನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ.

ಮೇ ತಿಂಗಳಲ್ಲಿ ಹಳ್ಳಗಳು ಒಣಗಿರುತ್ತವೆ, ಕಡವೆಯೂ ಕಾಡುಹಂದಿಯೂ ಉಳಿದ ನೀರಿಗೆ ಬರಲೇಬೇಕು. ಹಗಲಿಡೀ ಗಾಳಿ ಪಡುವಣ ಕಡಲಿನಿಂದ ಬೀಸುತ್ತದೆ. ಇರುಳು ಅದು ಬಿದ್ದಮೇಲೆ ಬೆಟ್ಟದ ತಂಪು ಗಾಳಿ ಹಳ್ಳದ ಗುಂಟ ಕೆಳಗಿಳಿಯುತ್ತದೆ. ಹಳ್ಳದ ಮೇಲ್ಭಾಗದಲ್ಲಿ ಕೂತರೆ ನಿಮ್ಮ ವಾಸನೆ ನೇರ ಹೊಂಡಕ್ಕೆ. ಒಂದು ಕಡವೆ ಅದನ್ನು ಮೂಸಿ ಕೂಗಿತೋ, ಚಿರತೆಯನ್ನು ಆ ರಾತ್ರಿ ಮರೆತುಬಿಡಿ.

ಬೇಸಿಗೆಯ ಹುಣ್ಣಿಮೆ ಚಂದ್ರ ತೆಂಕಣಕ್ಕೆ ವಾಲಿ ಸಾಗುತ್ತಾನೆ. ಮಚಾನು ಹೊಂಡದ ತೆಂಕಣಕ್ಕೋ ಆಗ್ನೇಯಕ್ಕೋ ಇದ್ದರೆ ಬೆಳಕು ಬಹುಪಾಲು ನಮ್ಮ ಬೆನ್ನಿಗಿರುತ್ತದೆ. ನೀರಿಗೆ ಬಂದ ಪ್ರಾಣಿ ಬೆಳಗುತ್ತದೆ, ನಾವು ಕೊಂಬೆಗಳ ನೆರಳಲ್ಲಿ ಮರೆಯಾಗುತ್ತೇವೆ. ಬೀಳುವ ತನಕ ಕಡಲ ಗಾಳಿಯೂ ನಮ್ಮ ವಾಸನೆಯನ್ನು ನೀರಿನಿಂದ ಆಚೆಗೆ ಒಯ್ಯುತ್ತದೆ. ಹೆಜ್ಜೆಗುರುತು ಬಿದ್ದ ದಾರಿಯ ಮೇಲೆ ಮಾತ್ರ ಯಾವ ಮರವನ್ನೂ ಆರಿಸಬಾರದು. ಬಾಯಾರಿ ಬರುವ ಪ್ರಾಣಿಗೆ ದಾರಿ ಕಟ್ಟುವುದು ಅನ್ಯಾಯ. ಆ ದಾರಿಗಳು ಅಲ್ಲಿನ ಆದಿವಾಸಿ ವಾರ್ಲಿ ಜನಕ್ಕೆ ಗೊತ್ತು, ಅವರನ್ನು ಕೇಳಿ.

ಈಗ ಮರ. ಸಾಗುವಾನಿ ಮೇ ತಿಂಗಳಲ್ಲಿ ಬೋಳು, ಬುಡದಲ್ಲಿ ತರಗೆಲೆಯ ಸದ್ದು. ನೇರಳೆಯ ಕೊಂಬೆ ನಂಬುವಂಥದ್ದಲ್ಲ. ಮಾವು ಗಟ್ಟಿ, ದಟ್ಟ. ಆದರೆ ಚಗಳಿ ಇರುವೆಯ ಗೂಡು ಇದೆಯೇ ಎಂದು ಹಗಲಲ್ಲೇ ನೋಡಿಕೊಳ್ಳಬೇಕು. ಕವಲು ಚೆನ್ನಾಗಿರುವ ಮತ್ತಿ ಸಿಕ್ಕರೆ ನಾನು ಅದನ್ನೇ ಒಪ್ಪುತ್ತೇನೆ. ಮೊಳೆ ಬೇಡ, ಹಗ್ಗ ಸಾಕು.

ಹದಿನೈದಿಪ್ಪತ್ತು ಅಡಿ ಎತ್ತರ ಸಾಲುತ್ತದೆ. ಚಿರತೆ ಎಷ್ಟು ಎತ್ತರವನ್ನೂ ಹತ್ತಬಲ್ಲದು. ಎತ್ತರ ಇರುವುದು ನಮ್ಮ ವಾಸನೆಯನ್ನೂ ಅಲುಗಾಟವನ್ನೂ ಅದರ ನೇರದಿಂದ ಮೇಲಕ್ಕೆತ್ತಲು. 2015ರಲ್ಲಿ ಕ್ಯಾಮೆರಾಗಳು ಈ ಕಾಡಿನ ಆಸುಪಾಸಿನಲ್ಲಿ 35 ಚಿರತೆಗಳನ್ನು ಮೈಮೇಲಿನ ಚುಕ್ಕೆಗಳಿಂದಲೇ ಬೇರೆಬೇರೆಯಾಗಿ ಗುರುತಿಸಿದವು. ಎಣಿಕೆಗೆ ಆ ವಿಧಾನವೇ ನಿಖರ. ಆದರೆ ಕಡವೆ ನೀರಿಗೆ ಬಾಯಿ ಹಾಕುವ ಮುನ್ನ ಎಷ್ಟು ಹೊತ್ತು ನಿಂತು ಆಲಿಸುತ್ತದೆ ಎಂಬುದನ್ನು ಮಚಾನಿನಲ್ಲಿ ಕೂತೇ ಕಾಣಬೇಕು.

ಮಚಾನಿನಲ್ಲಿ ನಿಜವಾಗಿ ಅಂಜಬೇಕಾದ್ದು ಬೀಳುವುದಕ್ಕೆ. ಅಮೆರಿಕದಲ್ಲಿ ಮರವೇರಿ ಜಿಂಕೆ ಬೇಟೆಯಾಡುವವರಿಗೂ ಮೈಗೆ ಸುರಕ್ಷತಾ ಪಟ್ಟಿ ಕಟ್ಟಿಕೊಳ್ಳುವುದೇ ಮೊದಲ ಪಾಠ. ನಿದ್ದೆ ಎಳೆಯುವ ನಸುಕಿನ ಹೊತ್ತಿಗಂತೂ ತೊಡೆ, ಸೊಂಟ, ಎದೆ ಮೂರನ್ನೂ ಬಳಸಿದ ಪಟ್ಟಿ ಕಾಂಡಕ್ಕೆ ಬಿಗಿದಿರಲೇಬೇಕು. ಹತ್ತುವಾಗ ಎರಡೂ ಕೈ ಖಾಲಿ ಇರಲಿ. ಚೀಲವನ್ನೂ ನೀರನ್ನೂ ಮೇಲೆ ಕೂತಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ.